ಹಳೇ ಸ್ಪೋರ್ಟ್ಸ್ ಕಾರು ಕೊಳ್ಳುವ ಮುಂಚೆ: ಭೋಸರಿಯ ಒಬ್ಬ ಟರ್ನರ್ ಕಲಿತದ್ದು

ನನ್ನ ಅಣ್ಣನ ಮಗ ಹೋದ ತಿಂಗಳು ಫೋನ್ ಮಾಡಿದ್ದ. ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು ಮೂವತ್ತೆರಡು, ಕೈಯಲ್ಲಿ ನಾಲ್ಕು ಕಾಸು. "ಕಾಕಾ, ನಿನ್ನಂಗ ನಾನೂ ಒಂದು ಟೂ ಸೀಟರ್ ತಗೋಬೇಕಂತ ಮಾಡೀನಿ. ಯಾವುದು ತಗೊಳ್ಳಲಿ?" ಅಂದ. "ಮೊದಲ ಎಲ್ಲಿ ನಿಲ್ಲಸ್ತಿ ಹೇಳು" ಅಂದೆ. ಅವನಿಗೆ ಸಪ್ಪಗಾಯಿತು. ಹಾರ್ಸ್‌ಪವರ್ ಬಗ್ಗೆ ಮಾತಾಡ್ತೀನಿ ಅಂದ್ಕೊಂಡಿದ್ದ ಪಾಪ. ಫೋನಿನಲ್ಲಿ ಮುಗಿಯುವ ಮಾತಲ್ಲ ಅಂತ ಬರೆದು ಕಳಿಸುತ್ತೇನೆ ಅಂದೆ. ಬರೆಯುತ್ತಾ ಇಷ್ಟುದ್ದ ಆಯಿತು.

ನಾನು ಧಾರವಾಡದ ಕಡೆಯವನು. ಐಟಿಐ ಮುಗಿಸಿ 1994ರಲ್ಲಿ ಪುಣೆಗೆ ಬಂದು ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಲೇತ್ ಮುಂದೆ ನಿಂತೆ. ಈಗ ನನ್ನದೇ ಸಣ್ಣ ಶೆಡ್ಡು, ಕಂಪ್ಯೂಟರ್ ಹೇಳಿದಂತೆ ಕೊರೆಯುವ ನಾಲ್ಕು ಸಿಎನ್‌ಸಿ ಮಷಿನ್. ಬೇರಿಂಗ್ ಕೂರುವ ಗೂಡನ್ನು (ಹೌಸಿಂಗ್) ಅಳತೆಗೆ ಕೊರೆದು ಬೋರ್ ಮಾಡಿಕೊಡುವುದೇ ಹೊಟ್ಟೆಪಾಡು. ಬಂದ ಹೊಸತರಲ್ಲಿ ಒಂದು ಬೆಳಿಗ್ಗೆ ಸೈಕಲ್ ಮೇಲೆ ಕೆಲಸಕ್ಕೆ ಹೋಗುವಾಗ ನಾಶಿಕ್ ಫಾಟಾ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಒಂದು ಕೆಂಪು ಕಾರು ಬಂದು ನಿಂತಿತು. ತಲೆಯ ಮೇಲೆ ಮಾಡು (ಚಾವಣಿ) ಇಲ್ಲ. ಓಡಿಸುವವನ ತಲೆ ನನ್ನ ಹ್ಯಾಂಡಲ್ಲಿಗಿಂತ ಕೆಳಗಿತ್ತು! ಯಾವ ಕಾರೋ ಏನೋ, ಇವತ್ತಿಗೂ ಗೊತ್ತಿಲ್ಲ. ಸಿಗ್ನಲ್ ಬಿಟ್ಟ ಮೇಲೂ ನಾನು ಅಲ್ಲೇ ನಿಂತಿದ್ದೆ, ಹಿಂದಿನ ಟೆಂಪೋದವನು ಮರಾಠಿಯಲ್ಲಿ ನನ್ನ ವಂಶವನ್ನೆಲ್ಲ ನೆನೆಸುವ ತನಕ.

ಅದಾಗಿ ಇಪ್ಪತ್ತೈದು ವರ್ಷಕ್ಕೆ, 2019ರ ಫೆಬ್ರವರಿಯಲ್ಲಿ, 2010ರ ಒಂದು ಪೋರ್ಷೆ ಬಾಕ್ಸ್‌ಸ್ಟರ್ ಮನೆಗೆ ಬಂತು. ಬೆಳ್ಳಿ ಬಣ್ಣ, 2.9 ಲೀಟರ್ ಎಂಜಿನ್, ಕೈಯಿಂದ ಗೇರ್ ಹಾಕುವಂಥದ್ದು. 29 ಲಕ್ಷ ಕೊಟ್ಟೆ. ಆ ದುಡ್ಡಿಗೆ ಹೊಸ ಫಾರ್ಚೂನರ್ ಹತ್ತಿರ ಹತ್ತಿರ ಬರುತ್ತಿತ್ತು. ಸೊಲ್ಲಾಪುರದ ನನ್ನ ಹೆಂಡತಿ ಅದನ್ನು ಈಗಲೂ ಆಗಾಗ ನೆನಪಿಸುತ್ತಾಳೆ.

ಹೊಸದೇ ಯಾಕೆ ಬೇಡ ಅಂದರೆ, ಸುಂಕ. ಹೊರದೇಶದಲ್ಲಿ ಪೂರ್ತಿ ಕಟ್ಟಿ ಬರುವ ಇಂಥ ಕಾರಿಗೆ ಕಸ್ಟಮ್ಸ್ ಸೇರಿದಾಗಲೇ ಬೆಲೆ ದುಪ್ಪಟ್ಟಾಗುತ್ತದೆ. ಅದರ ಮೇಲೆ ಜಿಎಸ್‌ಟಿ. ಅದರ ಮೇಲೆ ಮಹಾರಾಷ್ಟ್ರದಲ್ಲಿ ಇಂಪೋರ್ಟೆಡ್ ಕಾರಿಗೆ 20 ಶೇಕಡಾ ರೋಡ್ ಟ್ಯಾಕ್ಸ್. ಸಚಿನ್ ತೆಂಡೂಲ್ಕರ್ ಬ್ರಾಡ್ಮನ್‌ರ 29 ಸೆಂಚುರಿ ಸರಿಗಟ್ಟಿದ್ದಕ್ಕೆ 2002ರಲ್ಲಿ ಫೆರಾರಿ 360 ಮೊಡೆನಾ ಉಡುಗೊರೆ ಬಂತಲ್ವಾ, ಅದರ ಸುಂಕ ಮಾಫಿ ಮಾಡಬೇಕೋ ಬೇಡವೋ ಅಂತ ದೇಶವೇ ಜಗಳ ಆಡಿತು. ಕಡೆಗೆ ಆಗ ಫೆರಾರಿಯ ಒಡೆತನ ಹೊಂದಿದ್ದ ಫಿಯಾಟ್ ಕಂಪನಿಯೇ ಆ ದುಡ್ಡು ಕಟ್ಟಿತು. ನಮ್ಮ ನಿಮ್ಮ ಸುಂಕವನ್ನು ಯಾರು ಕಟ್ಟುತ್ತಾರೆ? ಮೊದಲನೇ ಮಾಲೀಕ. ಅವನು ಕಟ್ಟಿ, ಹತ್ತು ವರ್ಷ ಓಡಿಸಿ, ಬೇಸರ ಬಂದು ಮಾರುವಾಗ ನಾವು ಹೋಗಬೇಕು.

ಕಾರಿಗಿಂತ ಮೊದಲು ಮಿಸ್ತ್ರಿ

ಎಲ್ಲರೂ ಮೊದಲು ಕಾರು ಹುಡುಕಿ, ಕೊಂಡು, ಆಮೇಲೆ ಮಿಸ್ತ್ರಿಯನ್ನು, ಅಂದರೆ ರಿಪೇರಿಯವನನ್ನು, ಹುಡುಕುತ್ತಾರೆ. ಉಲ್ಟಾ ಮಾಡಿ. ನಿಮ್ಮ ಊರಿನಲ್ಲಿ ಕಂಪನಿ ವರ್ಕ್‌ಶಾಪಿನಲ್ಲಿ ಹತ್ತು ವರ್ಷ ದುಡಿದು ಹೊರಗೆ ಬಂದು ಸ್ವಂತ ಗ್ಯಾರೇಜ್ ಹಾಕಿರುವವನು ಯಾರು, ಅವನಿಗೆ ಯಾವ ಕಾರಿನ ಮೇಲೆ ಕೈ ಕೂತಿದೆ, ಅದನ್ನು ಮೊದಲು ತಿಳಿದುಕೊಳ್ಳಿ. ಆಮೇಲೆ ಆ ಕಾರನ್ನೇ ಇಷ್ಟಪಡುವುದನ್ನು ಕಲಿಯಿರಿ. ಕೇಳಲು ವಿಚಿತ್ರ ಅನ್ನಿಸಬಹುದು, ನಮ್ಮ ಅಪ್ಪ ಅವ್ವ ಮದುವೆಯಾದದ್ದು ಹೀಗೇ ಅಲ್ವಾ.

ಅಣ್ಣನ ಮಗನಿಗೆ ನಾನು ಹೇಳಿದ್ದು ಮರ್ಸಿಡಿಸ್ ಎಸ್‌ಎಲ್‌ಕೆ 200. ಅವನಿಗೆ ಅದು "ಅಂಕಲ್ ಕಾರು". ಇರಲಿ. ಅದರ ಕಂಪ್ರೆಸರ್ ಎಂಜಿನ್ (ಗಾಳಿ ಒತ್ತಿ ತುಂಬುವಂಥದ್ದು) ಅದೇ ಕಂಪನಿಯ ಸಿ ಕ್ಲಾಸ್ ಕಾರಿನದೇ, ಆ ಸಿ ಕ್ಲಾಸ್ ಜೋಡಣೆಯಾಗಿದ್ದು ಇದೇ ಪುಣೆಯಲ್ಲಿ. ಹಾಗಾಗಿ ಆ ಎಂಜಿನ್ ಬಿಚ್ಚಿ ಕಟ್ಟಿದವರು ಇಲ್ಲಿ ಗಲ್ಲಿಗೊಬ್ಬರು ಸಿಗುತ್ತಾರೆ. ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಯಿಸುವ ಟೈಮಿಂಗ್ ಚೈನ್ ಜಗ್ಗಿದೆಯಾ ಅಂತ ಮಾತ್ರ ನೋಡಿಸಿಕೊಳ್ಳಬೇಕು. 2009ರ ನಂತರದ ಬಿಎಂಡಬ್ಲ್ಯು ಝೆಡ್4 ಕೂಡ ಹಾಗೇ, ಎಂಜಿನ್ ಅದೇ ಕಂಪನಿಯ 3 ಸೀರೀಸ್ ಕಾರಿನದು. ಆದರೆ ಮಡಚುವ ಲೋಹದ ಮಾಡಿಗೆ ಮೋಟರು, ಸೆನ್ಸರು ಬಹಳ. ಒಂದು ಮುನಿಸಿಕೊಂಡರೂ ಮಾಡು ಅರ್ಧಕ್ಕೆ ನಿಲ್ಲುತ್ತದೆ, ಅದೂ ಸರಿಯಾಗಿ ಮಳೆ ಬರುವಾಗ. ದುಡ್ಡು ಕಮ್ಮಿ ಇದ್ದು ಹುಚ್ಚು ಜಾಸ್ತಿ ಇದ್ದರೆ ನಮ್ಮ ದೇಶದ್ದೇ ಸ್ಯಾನ್ ಸ್ಟಾರ್ಮ್ ಇದೆ: ಫೈಬರ್ ಮೈ, ರೆನೋದ 1.2 ಲೀಟರ್ ಎಂಜಿನ್. ಬಿಡಿಭಾಗಕ್ಕೆ ಅಲೆಯುವ ಪುರುಸೊತ್ತು ಇರಬೇಕು ಅಷ್ಟೇ.

ನಾನು ಬಾಕ್ಸ್‌ಸ್ಟರ್‌ಗೇ ಬಿದ್ದೆ. ಕಾರಣ ಒಂದು ಬೇರಿಂಗ್.

ಸುಮ್ನೆ ತಮಾಷೆಗೆ ಹೇಳುತ್ತಿಲ್ಲ. 1996ರಿಂದ 2008ರ ತನಕದ ಬಾಕ್ಸ್‌ಸ್ಟರ್ ಎಂಜಿನ್ನಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್, ಅದರ ಕೆಳಗೆ ಒಂದು ನಡುವಿನ ಶಾಫ್ಟ್ ಇರುತ್ತದೆ. ವಾಲ್ವು ತೆರೆಯುವ ಕ್ಯಾಮ್‌ಗಳ ಚೈನ್ ಓಡಿಸುವುದು ಈ ನಡುವಿನ ಶಾಫ್ಟೇ. ಅದರ ಒಂದು ತುದಿ ಕೂರುವುದು ಸೀಲ್ ಮಾಡಿದ ಬಾಲ್ ಬೇರಿಂಗ್ ಮೇಲೆ. ನಮ್ಮ ಮಿಸ್ತ್ರಿ ಒಂದು ದಿನ ಅಂಥ ಕೆಟ್ಟ ಬೇರಿಂಗನ್ನು ತಂದು ನನ್ನ ಅಂಗೈ ಮೇಲಿಟ್ಟ. ಸಣ್ಣದು, ಮುಷ್ಟಿಯೊಳಗೆ ಅಡಗುವಷ್ಟು. ಹೊರಗಿನ ರಿಂಗು ಹಿಡಿದು ಒಳಗಿನದನ್ನು ಬೆರಳಲ್ಲಿ ತಿರುಗಿಸಿದೆ. ಕರ್ರ್ ಅಂತ ಮರಳು ಅರೆದ ಹಾಗೆ. ಅಲ್ಲಾಡಿಸಿದರೆ ಕಣ್ಣಿಗೆ ಕಾಣುವಷ್ಟು ಆಟ. ನಾನು ಮೈಕ್ರಾನ್ ಲೆಕ್ಕದಲ್ಲಿ ಬೋರ್ ಮಾಡುವವನು, ಎದೆ ಧಸಕ್ ಅಂತು. ಸೀಲ್ ಇರುವುದರಿಂದ ಎಂಜಿನ್ ಆಯಿಲ್ ಒಳಗೆ ಸರಿಯಾಗಿ ಹೋಗಿ ತಂಪು ಮಾಡುವುದಿಲ್ಲ, ಒಳಗಿನ ಗ್ರೀಸು ಕಾಲಕ್ರಮೇಣ ತೊಳೆದುಹೋಗುತ್ತದೆ. ಗುಂಡು ಸವೆಯುತ್ತದೆ, ಶಾಫ್ಟ್ ಓಲಾಡುತ್ತದೆ, ಚೈನಿನ ಲೆಕ್ಕ ತಪ್ಪುತ್ತದೆ, ವಾಲ್ವು ಹೋಗಿ ಪಿಸ್ಟನ್ನಿಗೆ ಬಡಿಯುತ್ತದೆ. ಅಲ್ಲಿಗೆ ಇಡೀ ಎಂಜಿನ್ ಹೋಯಿತು. ಎಲ್ಲ ಕಾರಿಗೂ ಹೀಗಾಗುವುದಿಲ್ಲ, ಸ್ವಲ್ಪಕ್ಕೆ ಮಾತ್ರ. ಆದರೆ ಯಾವುದಕ್ಕೆ ಅಂತ ಹೊರಗಿನಿಂದ ಹೇಳುವಂತಿಲ್ಲ. 2009ರಿಂದ ಬಂದ ಎಂಜಿನ್ನಿನಲ್ಲಿ ಆ ಶಾಫ್ಟೇ ಇಲ್ಲ. ಅದಕ್ಕೇ ನನ್ನ ಹುಡುಕಾಟ ಒಂದೇ ಗೆರೆಯದು: 2009 ಅಥವಾ ಆಮೇಲಿನದು, ಬೇರೆ ಏನೂ ನೋಡುವುದಿಲ್ಲ. ನೀವು ಯಾವ ಕಾರು ಕೊಂಡರೂ ಅದಕ್ಕೂ ಇಂಥದ್ದೊಂದು ಹುಟ್ಟು ದೋಷ ಇದ್ದೇ ಇರುತ್ತದೆ. ಮೊದಲು ಅದನ್ನು ಕೇಳಿ ತಿಳಿದುಕೊಂಡು ಆಮೇಲೆ ಬಣ್ಣ ಆರಿಸಿ.

ನೋಡಲು ಹೋದಾಗ

ನಾನು ಮೂರು ಕಾರು ನೋಡಿದೆ. ಮೊದಲನೆಯದು ಮುಂಬೈಯ ಒಬ್ಬ ಡೀಲರ್ ಹತ್ತಿರ. ಗಾಜಿನ ಶೋರೂಮು, ಕಾಫಿ, ಮೆತ್ತನೆ ಮಾತು. ಬಣ್ಣದ ದಪ್ಪ ಅಳೆಯುವ ಸಣ್ಣ ಮೀಟರ್ ನಾನು ಜೇಬಲ್ಲೇ ಇಟ್ಟುಕೊಂಡು ಹೋಗಿದ್ದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ತೋರಿಸುತ್ತದೆ. ಬಾಗಿಲು 120, ಮಡ್‌ಗಾರ್ಡ್ 125, ಹಿಂದಿನ ಎಡ ಭಾಗಕ್ಕೆ ಇಟ್ಟರೆ 480. ಕೆಳಗೆ ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. "ಸಣ್ಣ ಗೀರು ಸಾರ್" ಅಂದ. ಅರ್ಧ ಮಿಲಿಮೀಟರ್ ಗೀರಾ? ಕಾಫಿ ಕುಡಿದು ಎದ್ದು ಬಂದೆ. ಕಾಫಿ ಮಾತ್ರ ಚೆನ್ನಾಗಿತ್ತು.

ಎರಡನೆಯದಕ್ಕೆ ಬೆಳಿಗ್ಗೆ ಎಂಟಕ್ಕೆ ಬನ್ನಿ ಅಂದಿದ್ದರು. ನಾನು ಏಳಕ್ಕೇ ಹೋದೆ. ಸೈಲೆನ್ಸರ್ ಬಾಯಿಗೆ ಕೈ ಇಟ್ಟರೆ ಬೆಚ್ಚಗಿತ್ತು. ನಾನು ಬರುವ ಮುಂಚೆಯೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ. ತಣ್ಣಗಿರುವ ಎಂಜಿನ್ ಮೊದಲ ಹತ್ತು ಸೆಕೆಂಡಿನಲ್ಲಿ ಎಲ್ಲ ಸತ್ಯ ಹೇಳುತ್ತದೆ, ಅದನ್ನು ಮುಚ್ಚಿಡಲು ಈ ಕೆಲಸ. ಬಾಕ್ಸ್‌ಸ್ಟರ್‌ನದು ಬಾಕ್ಸರ್ ಎಂಜಿನ್, ಅದರಲ್ಲಿ ಸಿಲಿಂಡರ್ ಮಲಗಿರುತ್ತವೆ, ಹಾಗಾಗಿ ನಾಲ್ಕು ದಿನ ನಿಂತ ಮೇಲೆ ಸ್ಟಾರ್ಟ್ ಮಾಡಿದರೆ ಒಂದು ಉಸಿರಿನಷ್ಟು ನೀಲಿ ಹೊಗೆ ಬರುವುದು ಸಹಜ. ಹೊಗೆ ನಿಲ್ಲದಿದ್ದರೆ, ಇಲ್ಲವೇ ಕಟಕಟ ಸದ್ದು ಬಂದರೆ ಅಲ್ಲಿಂದ ಹೊರಡಿ.

ಇನ್ನೊಂದು ಕೆಲಸ ಯಾರೂ ಮಾಡುವುದಿಲ್ಲ, ನೀವು ಮಾಡಿ. ಸೀಟ್ ಬೆಲ್ಟನ್ನು ಪೂರ್ತಿ, ಕೊನೇ ಇಂಚಿನ ತನಕ ಎಳೆಯಿರಿ. ನೀರಲ್ಲಿ ಮುಳುಗಿದ ಕಾರಿನ ಕಾರ್ಪೆಟ್ ಬದಲಿಸುತ್ತಾರೆ, ಸೀಟು ತೊಳೆಯುತ್ತಾರೆ, ಸುಗಂಧ ಹೊಡೆಯುತ್ತಾರೆ. ಬೆಲ್ಟಿನ ಬುಡವನ್ನು ಮರೆಯುತ್ತಾರೆ. ಅಲ್ಲಿ ಚಹಾದ ಬಣ್ಣದ ಒಂದು ಅಡ್ಡ ಗೆರೆ ಕಂಡರೆ ಕಾರು ಅಲ್ಲಿಯವರೆಗೆ ನೀರು ಕುಡಿದಿದೆ ಅಂತ ಲೆಕ್ಕ. 2019ರ ಸೆಪ್ಟೆಂಬರ್ 25ರ ರಾತ್ರಿ ಪುಣೆಯಲ್ಲಿ ಆಂಬಿಲ್ ಓಢಾ ಎಂಬ ಹಳ್ಳ ಉಕ್ಕಿ ಹರಿದಾಗ ಕಾರುಗಳು ಆಟಿಕೆಯ ಹಾಗೆ ತೇಲಿದವು. ಮುಂಬೈ ಬಗ್ಗೆ ಹೇಳುವುದೇ ಬೇಡ. ಆ ಕಾರುಗಳೆಲ್ಲ ಗುಜರಿಗೆ ಹೋದವು ಅಂದ್ಕೊಂಡಿರಾ?

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2316 ಅಂದರೆ 2016ರ 23ನೇ ವಾರ ಹುಟ್ಟಿದ್ದು. ಹಲ್ಲು ಎಷ್ಟೇ ಇರಲಿ, ಆರು ವರ್ಷ ದಾಟಿದ ರಬ್ಬರು ಬಿರುಸಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿಯುವುದಿಲ್ಲ. ಹೊಸ ಟೈರಿನ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಪೋರ್ಷೆಯಾದರೆ ಸ್ಕ್ಯಾನರ್ ಹಾಕಿಸಿ ಓವರ್ ರೆವ್ ಲೆಕ್ಕ ತೆಗೆಸಿ. ಎಂಜಿನ್ ಎಷ್ಟು ಸಲ ಮಿತಿ ಮೀರಿ ತಿರುಗಿದೆ ಅಂತ ಕಂಪ್ಯೂಟರ್ ಆರು ಹಂತದಲ್ಲಿ ಬರೆದಿಟ್ಟಿರುತ್ತದೆ. ಕೆಳಗಿನ ಹಂತದ್ದು ಪರವಾಗಿಲ್ಲ. ಮೇಲಿನ ಹಂತಗಳಲ್ಲಿ ಅಂಕಿ ಇದ್ದರೆ ಯಾರೋ ಜೋರಾಗಿ ಹೋಗುವಾಗ ತಪ್ಪು ಗೇರಿಗೆ ತಳ್ಳಿದ್ದಾರೆ.

ಮೂರನೇ ಕಾರು ಕೋರೆಗಾಂವ್ ಪಾರ್ಕಿನ ಒಬ್ಬ ವಯಸ್ಸಾದ ಡಾಕ್ಟರದ್ದು. ಮಂಡಿ ನೋವು, ಅಷ್ಟು ಕೆಳಗೆ ಕೂತು ಏಳಲು ಆಗುತ್ತಿರಲಿಲ್ಲ. ಪ್ರತಿ ಸಲ ಪೆಟ್ರೋಲ್ ಹಾಕಿಸಿದ್ದನ್ನೂ ಪೇಷೆಂಟ್ ಫೈಲಿನ ಹಾಗೆ ಒಂದು ಡೈರಿಯಲ್ಲಿ ಬರೆದಿದ್ದರು, ಡಾಕ್ಟರ ಅಕ್ಷರ ಬೇರೆ, ಓದಲು ನನಗೆ ಒಂದು ವಾರ ಬೇಕಾಯಿತು. ಚೌಕಾಸಿ ಮಾಡಲಿಲ್ಲ. ಮಾಡಬೇಕಿತ್ತು ಅಂತ ಹೆಂಡತಿ ಹೇಳುತ್ತಾಳೆ.

ಕಾಗದ ಪತ್ರದ ಬಗ್ಗೆ ಬೇಗ ಮುಗಿಸುತ್ತೇನೆ. ಇದೇ ರಾಜ್ಯದ ಕಾರಾದರೆ ಹೆಸರು ಬದಲಿಸಲು ಫಾರ್ಮ್ 29, 30. ಕಾರಿನ ಮೇಲೆ ಸಾಲ ಇದ್ದಿದ್ದರೆ, ಅದು ತೀರಿದ್ದಕ್ಕೆ 35. ಬೇರೆ ರಾಜ್ಯದ್ದಾದರೆ ಅಲ್ಲಿಯ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ (ಅಡ್ಡಿಯಿಲ್ಲ ಅನ್ನುವ ಪತ್ರ) ಕೈಗೆ ಬರುವ ತನಕ ಪೂರ್ತಿ ದುಡ್ಡು ಕೊಡಬೇಡಿ. ದೆಹಲಿ ಕಾರು ಅಗ್ಗ ಅಂತ ಓಡುವವರು ಇಲ್ಲಿ ಮತ್ತೆ ಕಟ್ಟುವ ಟ್ಯಾಕ್ಸ್ ಕೂಡಿಸಿ ನೋಡಿ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲೇ ಇಟ್ಟುಕೊಂಡರೆ ನಂಬರ್ ಬದಲಿಸಲೇಬೇಕು, ಅದು ಕಾನೂನು. ಹದಿನೈದು ವರ್ಷ ತುಂಬುತ್ತಿದೆಯಾ ಅಂತಲೂ ನೋಡಿ. ಹದಿನೈದು ತುಂಬಿದ ಕಾರಿನ ನೋಂದಣಿ ಮತ್ತೆ ಮಾಡಿಸುವ ಶುಲ್ಕ 2022ರ ಏಪ್ರಿಲ್‌ನಿಂದ ಮಾಮೂಲಿ ಕಾರಿಗೆ 5,000, ಇಂಪೋರ್ಟೆಡ್ ಕಾರಿಗೆ 40,000 ರೂಪಾಯಿ. ನನ್ನದಕ್ಕೆ ಹೋದ ವರ್ಷ ಹದಿನೈದು ತುಂಬಿತು. ಕಟ್ಟಿ ಬಂದೆ, ಮನೆಯಲ್ಲಿ 5,000 ಅಂತಲೇ ಹೇಳಿದ್ದೇನೆ.

ನೀರು

ಈಗ ಆ ಮೊದಲನೇ ಪ್ರಶ್ನೆ. ಎಲ್ಲಿ ನಿಲ್ಲಿಸುತ್ತೀರಿ?

ಕೊಂಡ ಮೊದಲ ಮಳೆಗಾಲ. ನಮ್ಮ ಸೊಸೈಟಿಯಲ್ಲಿ ನನಗೆ ಸಿಕ್ಕಿದ್ದು ಗುಲ್‌ಮೊಹರ್ ಮರದ ಕೆಳಗಿನ ಜಾಗ. ಬೇಸಿಗೆಯಲ್ಲಿ ಬೆಳ್ಳಿ ಕಾರಿನ ಮೇಲೆ ಕೆಂಪು ಹೂವು ಬಿದ್ದಾಗ ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೇ ಕಳಿಸಿದ್ದು. ಜುಲೈಯಲ್ಲಿ ಎಂಟು ದಿನ ಬಿಡದೆ ಸುರಿಯಿತು. ಒಂಬತ್ತನೇ ದಿನ ಬಾಗಿಲು ತೆಗೆದು ಕಾಲಿಟ್ಟರೆ ಪಚಕ್ ಅಂತು. ಕಾರ್ಪೆಟ್ ಹಿಂಡಿದರೆ ನೀರು. ಕೀ ತಿರುಗಿಸಿದರೆ ಇಂಡಿಕೇಟರ್ ಎಲ್ಲ ಮಿಣಮಿಣ ಅಂದವು, ಎಂಜಿನ್ ಮಾತ್ರ ಉಸಿರೆತ್ತಲಿಲ್ಲ. ಕೆಳಗೆ ಕೂತಿದ್ದ ಕಂಟ್ರೋಲ್ ಯೂನಿಟ್ ನೀರಲ್ಲಿ ನೆಂದು ಸತ್ತಿತ್ತು. ಒಂದು ದೊಡ್ಡ ವರ್ಕ್‌ಶಾಪಿನವರು ಹೊಸದಕ್ಕೆ, ಕೂಲಿ ಸೇರಿ, ಎರಡೂಕಾಲು ಲಕ್ಷ ಅಂದರು, ಮೂರು ತಿಂಗಳು ಕಾಯಬೇಕು ಅಂತಲೂ ಹೇಳಿದರು. ಆಗಲೇ ನಮ್ಮ ಮಿಸ್ತ್ರಿ ಅದನ್ನು ಬಿಚ್ಚಿ, ಒಣಗಿಸಿ, ಬೋರ್ಡಿನ ಹಸಿರು ತುಕ್ಕು ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ, ಸತ್ತ ಬಿಡಿ ಬದಲಿಸಿ ಬದುಕಿಸಿದ. ಹದಿನೆಂಟು ಸಾವಿರ. ಮಿಸ್ತ್ರಿಯನ್ನು ಮೊದಲು ಹುಡುಕಿ ಅಂದದ್ದು ಇದಕ್ಕೇ.

ಮಾಡು ಸೋರಿರಲಿಲ್ಲ. ಬಟ್ಟೆಯ ಮಾಡಿನ ಮೇಲೆ ಬಿದ್ದ ನೀರು ಹಿಂದಿನ ಎರಡು ಮೂಲೆಗೆ ಹರಿದು, ಅಲ್ಲಿರುವ ತೂತಿನಿಂದ ಪೈಪಿಗೆ ಇಳಿದು ಕಾರಿನ ಕೆಳಗೆ ಬೀಳಬೇಕು. ಗುಲ್‌ಮೊಹರ್ ಎಲೆ ನೋಡಿದ್ದೀರಲ್ಲ, ಜೀರಿಗೆಗಿಂತ ಸ್ವಲ್ಪ ದೊಡ್ಡದು. ಅವು ತೂತಿನೊಳಗೆ ಇಳಿದು ಕೊಳೆತು ಮುದ್ದೆಯಾಗಿದ್ದವು. ದಾರಿ ಕಾಣದ ನೀರು ಒಳಗೆ ಬಂತು. ಇಷ್ಟೇ.

ಅವತ್ತಿನಿಂದ ಮೇ ಕೊನೇ ಭಾನುವಾರ ಒಂದು ಕೆಲಸ ಗಟ್ಟಿ. ಮಾಡನ್ನು ಅರ್ಧ ತೆರೆದು ನಿಲ್ಲಿಸುತ್ತೇನೆ. ಸೀಟಿನ ಹಿಂದೆ, ಮಾಡಿನ ಕೀಲುಗಳ ಪಕ್ಕ ಟಾರ್ಚ್ ಬಿಟ್ಟರೆ ತೂತು ಕಾಣುತ್ತದೆ. ಮೊದಲು ಬೆರಳಲ್ಲಿ ಕಸ ತೆಗೆಯಬೇಕು. ಆಮೇಲೆ ಹುಲ್ಲು ಕತ್ತರಿಸುವ ಮಷಿನ್ನಿನ ದಪ್ಪ ನೈಲಾನ್ ದಾರ, ಒಂದು ಮಾರಿನಷ್ಟು, ತುದಿಯನ್ನು ಬೆಂಕಿಗೆ ಹಿಡಿದು ದುಂಡಗೆ ಮಾಡಿಕೊಂಡು ನಿಧಾನ ಇಳಿಸಬೇಕು. ತಂತಿ ಬೇಡ, ಪೈಪು ಹರಿಯುತ್ತದೆ. ಗಾಳಿ ಹೊಡೆಯಬೇಡಿ, ಪೈಪು ಒಳಗೇ ಕಳಚಿಕೊಂಡರೆ ಗತಿ ಇಲ್ಲ. ಆಮೇಲೆ ಒಂದು ಲೋಟ ನೀರು ಹಾಕಿ ಕಾರಿನ ಕೆಳಗೆ ಬಗ್ಗಿ ನೋಡಿ. ಮೊದಲು ಕಪ್ಪು ನೀರು, ಆಮೇಲೆ ಕೆಂಚು, ಆಮೇಲೆ ತಿಳಿ. ಚಪ್ಪಲಿ ಬಿಟ್ಟು, ನೆಲದ ಮೇಲೆ ಕೆನ್ನೆ ಇಟ್ಟು, ಆ ತಿಳಿನೀರು ಬೀಳುವುದನ್ನು ಕಾಯುವಾಗ ಗೊತ್ತಾಯಿತು, ಕಾರು ಈಗ ನನ್ನದು ಅಂತ. ಹಣ ಕೊಟ್ಟ ದಿನ ಹಾಗನಿಸಿರಲಿಲ್ಲ. ಮುಂದಿನ ಗಾಜಿನ ಬುಡದಲ್ಲಿ, ಬ್ಯಾಟರಿ ಅಕ್ಕಪಕ್ಕವೂ ಇಂಥ ತೂತುಗಳಿವೆ, ಅವನ್ನೂ ಬಿಡಬೇಡಿ. ಪಾರ್ಕಿಂಗ್ ಜಾಗವನ್ನೂ ಬದಲಿಸಿಕೊಂಡೆ. ಅದಕ್ಕೆ ಸೆಕ್ರೆಟರಿ ಮನೆಗೆ ಎರಡು ಡಜನ್ ಧಾರವಾಡ ಆಪೂಸ್ ಹೋಯಿತು. ರತ್ನಾಗಿರಿ ಹಾಪೂಸ್ ಮುಂದೆ ಅದೇನೂ ಅಲ್ಲ ಅಂತ ಆತ ಹೇಳಿದ, ಹಣ್ಣು ಮಾತ್ರ ಒಂದೂ ಉಳಿಸಲಿಲ್ಲ.

ಓಡಿಸುವುದು, ಖರ್ಚು

ಪುಣೆಯ ಹಂಪುಗಳನ್ನು ಯಾವ ಎಂಜಿನಿಯರ್ ಹಾಕಿದ್ದಾನೋ, ಅವನಿಗೆ ಸ್ಪೋರ್ಟ್ಸ್ ಕಾರಿನ ಮೇಲೆ ಏನೋ ಹಳೇ ಸೇಡು. ನೇರ ಹತ್ತಿಸಬೇಡಿ. ಓರೆಯಾಗಿ, ಒಂದು ಚಕ್ರ ಹತ್ತಿ ಇಳಿಯುವಾಗ ಇನ್ನೊಂದು ಹತ್ತುವ ಹಾಗೆ ದಾಟಿಸಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ. ಹೊಟ್ಟೆ ಉಜ್ಜಿದ ಸದ್ದು ಕೇಳುವುದಕ್ಕಿಂತ ಅದು ವಾಸಿ.

ಪೆಟ್ರೋಲ್ 95 ಆಕ್ಟೇನ್ ಅಥವಾ ಅದಕ್ಕಿಂತ ಮೇಲಿನದು ಹಾಕಿಸಿ. ಈಗ ಬಂಕಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥೆನಾಲ್. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೇ ರಬ್ಬರಿಗೂ ಒಳ್ಳೆಯದಲ್ಲ. ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಹಾಗೇ ಬಿಡಬೇಡಿ, ಪೆಟ್ರೋಲ್ ಪೈಪುಗಳನ್ನು ಸರ್ವಿಸ್‌ನಲ್ಲಿ ಮುಟ್ಟಿ ನೋಡಿಸಿ. ಇನ್ಶೂರೆನ್ಸ್, ಸರ್ವಿಸ್, ಟೈರು ಎಲ್ಲ ಸೇರಿ ನನಗೆ ವರ್ಷಕ್ಕೆ ಒಂದೂವರೆಯಿಂದ ಎರಡು ಲಕ್ಷ ಹಿಡಿಯುತ್ತದೆ. ಕೊಳ್ಳುವ ದಿನವೇ ಕಾರಿನ ಬೆಲೆಯ ಹತ್ತರಲ್ಲೊಂದು ಪಾಲು ಬೇರೆ ಎತ್ತಿಡಿ. ಅಷ್ಟು ಉಳಿಯದಿದ್ದರೆ ಅದಕ್ಕಿಂತ ಅಗ್ಗದ ಕಾರು ನೋಡಿ.

ಎಕ್ಸ್‌ಪ್ರೆಸ್‌ವೇ ಮೇಲೆ ಮಜಾ ಇಲ್ಲ. ನೂರಕ್ಕೆ ಮಿತಿ, ಮೇಲೆಲ್ಲ ಕ್ಯಾಮೆರಾ. ನಾನು ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟು ಮುಳಶಿ ಕೆರೆಯ ಪಕ್ಕದಿಂದ ತಾಮ್ಹಿಣಿ ಘಾಟಿಗೆ ಹೋಗುತ್ತೇನೆ. ಮಾಡು ತೆಗೆದು, ಎರಡು ಮೂರನೇ ಗೇರಿನಲ್ಲಿ, ಐವತ್ತು ಅರವತ್ತರ ಮೇಲೆ ಹೋಗುವುದೇ ಇಲ್ಲ. ಎಂಜಿನ್ ಸೀಟಿನ ಹಿಂದೆಯೇ ಇರುವುದರಿಂದ ಸದ್ದು ಬೆನ್ನಿಗೆ ತಾಗುತ್ತದೆ. ಏಳೂವರೆಗೆ ಟೂರಿಸ್ಟ್ ಬಸ್ಸು ಶುರುವಾಗುವ ಹೊತ್ತಿಗೆ ವಾಪಸ್ ಹೊರಡುತ್ತೇನೆ, ಮನೆಯಲ್ಲಿ ಅವಲಕ್ಕಿ.

ಹೋದ ದಸರಾಕ್ಕೆ ಊರಿಂದ ಅವ್ವ ಬಂದಿದ್ದಳು. ಎಂಬತ್ತೊಂದು ವರ್ಷ. ಖಂಡೇನವಮಿ ದಿನ ಶೆಡ್ಡಿನ ಮಷಿನ್ನಿಗೆಲ್ಲ ಪೂಜೆ ಮುಗಿಸಿ ಕಾರಿನ ಹತ್ತಿರ ಬಂದಳು. ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯಿತು, ಸ್ಟೇರಿಂಗಿಗೆ ಕುಂಕುಮ ಹಚ್ಚಾಯಿತು. "ಎಂಜಿನ್ ಎಲ್ಲೈತೋ?" ಅಂದಳು. ಮುಂದೆ ತೆಗೆದೆ, ಡಿಕ್ಕಿ. ಅವಳೇ ತಂದ ಜೋಳದ ಹಿಟ್ಟಿನ ಚೀಲ ಇನ್ನೂ ಅಲ್ಲೇ ಇತ್ತು. ಹಿಂದೆ ತೆಗೆದೆ, ಅದೂ ಡಿಕ್ಕಿ. "ಎಂಜಿನ್ನ ಇಲ್ಲದ ಗಾಡಿಗೆ ಇಷ್ಟ ರೊಕ್ಕ ಕೊಟ್ಟಿಯೇನೋ?" ಅಂತ ಕೇಳಿದಳು. ನಡುವೆ ಇದೆ ಅವ್ವಾ, ಬಿಚ್ಚದೆ ಕಾಣುವುದಿಲ್ಲ ಅಂದೆ. ಹಿಂದಿನ ಡಿಕ್ಕಿಯೊಳಗೆ ಎಣ್ಣೆ ಹಾಕುವ ಮುಚ್ಚಳ ಒಂದು ಕಾಣುತ್ತದೆ, ಅದನ್ನು ತೋರಿಸಿದೆ. "ಹಂಗಾರ ಇದ ಅದರ ಬಾಯಿ" ಅಂತ ಮೂರು ಬೆರಳು ಕುಂಕುಮ ಅದ್ದಿ ಆ ಮುಚ್ಚಳದ ಮೇಲೆ ಎಳೆದಳು. ಮಿಸ್ತ್ರಿ ಎರಡು ಸರ್ವಿಸ್ ಮಾಡಿದ್ದಾನೆ, ಅದನ್ನು ಒರೆಸಿಲ್ಲ. ಈಗಲೂ ಎಣ್ಣೆ ಹಾಕಲು ಮುಚ್ಚಳ ತಿರುಗಿಸಿದರೆ ಬೆರಳು ಕೆಂಪಾಗುತ್ತದೆ.